ಪರೀಕ್ಷೆಗೊಂದು ನೆಲೆ

ಆಪರೇಟಿಂಗ್ ಸಿಸ್ಟಂ ಎಂಬುದು ಒಂದೇ ಪ್ರೋಗ್ರಾಮಲ್ಲ. ಕಡತಗಳ ಹೆಸರನ್ನು ಪಟ್ಟಿಮಾಡಿ ತೋರಿಸುವ ಸಣ್ಣ ಆದೇಶದಿಂದ ಮೊದಲ್ಗೊಂಡು ಮೆಮೊರಿ, ಡಿಸ್ಕ್, ನೆಟ್‌ವರ್ಕುಗಳನ್ನು ಆಳುವ ಕರ್ನೆಲ್‌ವರೆಗೆ, ಅನೇಕರು ಅನೇಕ ವರ್ಷಗಳಿಂದ ಬರೆದು ತಿದ್ದಿದ ಸಹಸ್ರಾರು ಕಡತಗಳ ಸಮುದಾಯವದು. ಇಲ್ಲಿ ಒಂದೆಡೆ ಮಾಡಿದ ತಿದ್ದುಪಡಿಯು ಮತ್ತೊಂದೆಡೆ ಅರಿಯದಂತೆ ಹಾನಿಯನ್ನುಂಟುಮಾಡಬಹುದಾದ್ದರಿಂದ, ಪ್ರತಿಯೊಂದು ಭಾಗವೂ ತನ್ನ ಕರ್ತವ್ಯವನ್ನು ಯಥಾವತ್ತಾಗಿ ನಿರ್ವಹಿಸುತ್ತಿದೆಯೇ ಎಂದು ವಿಚಾರಿಸುವ ಕಿರುಪ್ರೋಗ್ರಾಮುಗಳನ್ನು, ಅಂದರೆ ಟೆಸ್ಟುಗಳನ್ನು, ಜತೆಯಲ್ಲಿ ಬರೆದಿಡುತ್ತಾರೆ. ಅವುಗಳನ್ನು ಬರೆಯುವುದೆಷ್ಟು ಮುಖ್ಯವೋ ಎಲ್ಲಿ ಇರಿಸಬೇಕೆಂಬುದೂ ಅಷ್ಟೇ ಮುಖ್ಯವೆಂಬುದಕ್ಕೆ ಯುನಿಕ್ಸ್ ವಂಶದ ಫ್ರೀಬಿಎಸ್‌ಡಿ ಉತ್ತಮ ನಿದರ್ಶನವಾಗಿದೆ.

ಹಿಂದೆ ಫ್ರೀಬಿಎಸ್‌ಡಿಯ ಅನೇಕ ಟೆಸ್ಟುಗಳು, ತಾವು ಪರೀಕ್ಷಿಸಬೇಕಾದ ಪ್ರೋಗ್ರಾಮುಗಳಿಂದ ದೂರವಾಗಿ, ‘ಟೂಲ್ಸ್/ರಿಗ್ರೆಷನ್’ ಎಂಬ ಡೈರೆಕ್ಟರಿಯಲ್ಲಿ ಕೂಡಿಬಿದ್ದಿದ್ದವು. ಅವನ್ನು ನಡೆಸಲು ಏಕರೂಪವಾದ ಕ್ರಮವಿರಲಿಲ್ಲ. ಪ್ರೋಗ್ರಾಮನ್ನು ತಿದ್ದುವವನ ಕಣ್ಣಿಗೆ ಬೀಳದ ಟೆಸ್ಟು ಉಪೇಕ್ಷೆಗೆ ಈಡಾಗುವುದು ಸಹಜವೇ ಸರಿ. ಇತ್ತ 2007ರಲ್ಲಿ, ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯ ಆಶ್ರಯದಲ್ಲಿ, ಹೂಲಿಯೊ ಮೆರಿನೊ ಎಂಬವರು ಸೋದರವ್ಯವಸ್ಥೆಯಾದ ನೆಟ್‌ಬಿಎಸ್‌ಡಿಗಾಗಿ ಎಟಿಎಫ್ ಎಂಬ ಟೆಸ್ಟುಚೌಕಟ್ಟನ್ನು ನಿರ್ಮಿಸಿದರು. ಅದನ್ನೂ, ಟೆಸ್ಟುಗಳನ್ನು ನಡೆಸಲು ಅವರೇ ಮುಂದೆ ರಚಿಸಿದ ಕ್ಯುವಾ ಎಂಬ ನಿರ್ವಾಹಕ ಪ್ರೋಗ್ರಾಮನ್ನೂ ಫ್ರೀಬಿಎಸ್‌ಡಿ ಸ್ವೀಕರಿಸಿತು.

ಕಣದಲ್ಲಿ ರಾಶಿಯ ಮಗ್ಗುಲಲ್ಲಿಯೇ ಕೊಳಗವಿರುವಂತೆ, ಈಗ ಪ್ರೋಗ್ರಾಮಿನ ಮಗ್ಗುಲಲ್ಲಿಯೇ ಅದರ ಟೆಸ್ಟು ಇರುತ್ತದೆ. ಕಡತಪಟ್ಟಿಯನ್ನು ತೋರಿಸುವ ‘ಎಲ್‌ಎಸ್’ ಆದೇಶವು ‘ಬಿನ್/ಎಲ್‌ಎಸ್’ನಲ್ಲಿದ್ದರೆ ಅದರ ಪರೀಕ್ಷೆಗಳು ‘ಬಿನ್/ಎಲ್‌ಎಸ್/ಟೆಸ್ಟ್ಸ್’ನಲ್ಲಿರುತ್ತವೆ; ಕರ್ನೆಲ್ಲಿಗೆ ಸಂಬಂಧಿಸಿದವುಗಳಿಗೆ ಮೇಲ್ಮಟ್ಟದ ‘ಟೆಸ್ಟ್ಸ್’ ಡೈರೆಕ್ಟರಿಯೇ ನೆಲೆ. ನೆಟ್‌ಬಿಎಸ್‌ಡಿಯಾದರೋ ಎಲ್ಲವನ್ನೂ ಅಂತಹ ಒಂದೇ ಡೈರೆಕ್ಟರಿಯೊಳಗಿಟ್ಟು, ಅದರೊಳಗೆ ಮೂಲದ ವಿನ್ಯಾಸವನ್ನೇ ಪ್ರತಿಬಿಂಬಿಸುತ್ತದೆ. ಫ್ರೀಬಿಎಸ್‌ಡಿಯ ಒಂದೊಂದು ಟೆಸ್ಟು ಡೈರೆಕ್ಟರಿಯಲ್ಲಿಯೂ ಅಲ್ಲಿನ ಟೆಸ್ಟುಗಳನ್ನು ಹೆಸರಿಸುವ ‘ಕ್ಯುವಾಫೈಲ್’ ಇರುವುದರಿಂದ, ತುದಿಯಲ್ಲಿ ನಿಂತು ಆಜ್ಞಾಪಿಸಿದರೆ ಸಮಗ್ರ ಪರೀಕ್ಷೆಯೂ, ಒಳಗಿನ ಒಂದೆಡೆ ನಿಂತು ಆಜ್ಞಾಪಿಸಿದರೆ ಆ ಭಾಗದ್ದು ಮಾತ್ರವೂ ನಡೆಯುತ್ತದೆ. ಒಂದರ ದೋಷ ಮತ್ತೊಂದಕ್ಕೆ ತಗುಲದಂತೆ ಪ್ರತಿಯೊಂದು ಟೆಸ್ಟಿಗೂ ಪ್ರತ್ಯೇಕ ಪ್ರೊಸೆಸ್, ಪ್ರತ್ಯೇಕ ತಾತ್ಕಾಲಿಕ ಡೈರೆಕ್ಟರಿ ದೊರೆಯುತ್ತದೆ. ಬೇರೆ ಸೂಚನೆಯಿಲ್ಲದಿದ್ದರೆ 300 ಸೆಕೆಂಡುಗಳ ಅವಧಿ ಮೀರಿದ್ದನ್ನು ಕ್ಯುವಾ ನಿಲ್ಲಿಸಿಬಿಡುತ್ತದೆ.

ಇಲ್ಲಿನ ಫಲಿತಾಂಶಗಳಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು ‘ನಿರೀಕ್ಷಿತ ವೈಫಲ್ಯ’. ಗೊತ್ತಿದ್ದೂ ಇನ್ನೂ ಪರಿಹರಿಸದ ದೋಷವೊಂದನ್ನು, ಅದರ ದೂರಿನ ಸಂಖ್ಯೆಯೊಡನೆ, ಟೆಸ್ಟಿನಲ್ಲಿಯೇ ದಾಖಲಿಸಿಡಬಹುದು. ದೋಷವಿರುವವರೆಗೆ ಟೆಸ್ಟು ಸೋತರೂ ಆತಂಕವಿಲ್ಲ, ಆದರೆ ಯಾರೋ ಅದನ್ನು ಸರಿಪಡಿಸಿದೊಡನೆ, ನಿರೀಕ್ಷಿಸಿದ ವೈಫಲ್ಯ ಒದಗಲಿಲ್ಲವೆಂದು ಆ ಟೆಸ್ಟೇ ಸೋಲನ್ನು ಘೋಷಿಸಿ, ಹಳೆಯ ಟಿಪ್ಪಣಿಯನ್ನು ತೆಗೆಯುವಂತೆ ಎಚ್ಚರಿಸುತ್ತದೆ. ದೋಷವನ್ನು ಮರೆಮಾಚದೆ, ಮರೆಯಲೂ ಬಿಡದೆ ಕಾಯುವ ಈ ಪ್ರಾಮಾಣಿಕತೆ ನಿಜಕ್ಕೂ ಶ್ಲಾಘನೀಯ.

ಹೀಗೆ ಸಿದ್ಧವಾದ ಟೆಸ್ಟುಗಳು ಬರೆದವರ ಬಳಿಯಲ್ಲಿಯೇ ಉಳಿಯದೆ, ಬಳಸುವವರ ಯಂತ್ರದಲ್ಲಿಯೂ ‘ಯುಎಸ್‌ಆರ್/ಟೆಸ್ಟ್ಸ್’ ಎಂಬಲ್ಲಿ ಅದೇ ವಿನ್ಯಾಸದಲ್ಲಿ ನೆಲೆಗೊಳ್ಳಬಲ್ಲವು, 2021ರ 13.0 ಆವೃತ್ತಿಯಿಂದ ಕ್ಯುವಾ ಕೂಡ ಮೂಲವ್ಯವಸ್ಥೆಯೊಡನೆಯೇ ಬರುತ್ತದೆ. ಆದುದರಿಂದ ಕರ್ತೃಗಳ ಪರಿಚಯವೇ ಇಲ್ಲದವನು ಕೂಡ, ಅವರ ಭರವಸೆಯನ್ನು ಕೇವಲ ನಂಬಿ ಕೂರದೆ, ‘ಕ್ಯುವಾ ಟೆಸ್ಟ್’ ಎಂಬ ಒಂದು ಆದೇಶದಿಂದ ಅದನ್ನು ತಾನೇ ಪರಿಶೀಲಿಸಿಕೊಳ್ಳಬಹುದು.