ಪುಂಡಿ ಪಲ್ಯ, ಗಂಜಿ ಮತ್ತು ಬೀಚಿಯ ತಿಂಮ

ಹರಪನಹಳ್ಳಿಯ ಹಣೆಬರಹ ನೋಡಿ. ಮೊದಲು ಅದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಹೋಯಿತು. 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ಅದರ ಪಾಲಾಯಿತು. ಊರು ಮಾತ್ರ ಕೂತಲ್ಲೇ ಕೂತಿದೆ, ಜಿಲ್ಲೆಗಳೇ ಬಂದು ಹೋಗುತ್ತಿವೆ. 1913ರ ಏಪ್ರಿಲ್ 23ರಂದು ಆ ಊರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಇದನ್ನು ನೋಡಲು ಇರಬೇಕಿತ್ತು. ಅವರ ತಿಂಮನಿಗೆ ಕನಿಷ್ಠ ಒಂದು ತಿಂಗಳ ಮೇವು ಸಿಗುತ್ತಿತ್ತು.

ಭೀಮಸೇನರಾಯರು ಅಂದರೆ ಯಾರು ಅಂತ ಕೇಳುವವರಿಗೂ ಬೀಚಿ ಅಂದರೆ ಗೊತ್ತು. ಪೊಲೀಸ್ ಇಲಾಖೆಯ ನೌಕರಿ, ಬಳ್ಳಾರಿ ಸೀಮೆಯ ಮಾತು, ಅರವತ್ತಕ್ಕೂ ಹೆಚ್ಚು ಪುಸ್ತಕ. ಹೆಸರು ಬರೆಯುವಾಗ ಮೊದಲ ಅಕ್ಷರ ಕನ್ನಡದ್ದು, ಮುಂದಿನವು ಇಂಗ್ಲಿಷಿನವು. ಸಹಿಯಲ್ಲೇ ನಗೆ ಶುರು. ತಿಮ್ಮನನ್ನು ‘ತಿಂಮ’ ಎಂದು ಬರೆದರು. ಬಯಾಗ್ರಫಿಗೆ ಒಂದು ಹೊಟ್ಟೆ ಸೀಳಿ ‘ನನ್ನ ಭಯಾಗ್ರಫಿ’ ಮಾಡಿದರು. ಕನ್ನಡ ಪುಸ್ತಕ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯ ಅನಕೃ ಅವರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ಬಿದ್ದವರು. ಆಮೇಲೆ ಏಳಲಿಲ್ಲ.

ಬ್ಯಾರಿ ಪುಟದಲ್ಲಿ ಬೀಚಿಗೇನು ಕೆಲಸ ಅಂತ ನೀವು ಕೇಳಬಹುದು. ಘಟ್ಟ ಹತ್ತಿ ವ್ಯಾಪಾರಕ್ಕೆ ಹೋದ ಮನೆಗಳಲ್ಲಿ ನಮ್ಮದೂ ಒಂದು. ಬಾಪನ ಅಂಗಡಿ ಬಳ್ಳಾರಿಯಲ್ಲಿ, ಎಲೆಮ್ಮನ ಸಂಸಾರ ಸಿರುಗುಪ್ಪದಲ್ಲಿ, ಅಕ್ಕನನ್ನು ಕೊಟ್ಟದ್ದು ಕುರುಗೋಡಿಗೆ. ಈ ಮೂರೂ ಮನೆಗಳಲ್ಲಿ ಬೀಚಿ ಒಬ್ಬ ನೆಂಟರ ಹಾಗೆ ಇದ್ದರು. ಅವರು ಬಂದ ದಾರಿ ಹೇಳಬೇಕಾದರೆ ಮೊದಲು ಉಮ್ಮ ಬಂದ ದಾರಿ ಹೇಳಬೇಕು.

ಎಪ್ಪತ್ತರ ದಶಕದಲ್ಲಿ ಬಂಟ್ವಾಳದ ಕಡೆಯಿಂದ ಮದುವೆಯಾಗಿ ಬಂದವರು ಉಮ್ಮ. ಬಳ್ಳಾರಿ ಅಂತ ಕೇಳಿದ ಕೂಡಲೇ ಅವರ ಅಜ್ಜಿ ಅತ್ತುಬಿಟ್ಟರಂತೆ. ಕಾರಣ ಇದೆ. 1921ರ ಮಲಬಾರ್ ದಂಗೆಯ ನಂತರ ಮಾಪಿಳ್ಳ ಕೈದಿಗಳನ್ನು ಸಾಗಿಸಿದ ಜಾಗಗಳಲ್ಲಿ ಬಳ್ಳಾರಿಯ ಜೈಲೂ ಒಂದು. ಕರಾವಳಿಯ ಹಳಬರಿಗೆ ಬಳ್ಳಾರಿ ಅಂದರೆ ಊರಲ್ಲ, ಶಿಕ್ಷೆ. ಜೊತೆಗೆ ಬಿಸಿಲು. ಅಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಬಲು ಬೇಸಿಗೆ ಎನ್ನುವ ಹಳೇ ಮಾತು ಬೇರೆ.

ಬಿಸಿಲನ್ನಾದರೂ ತಡೆದುಕೊಂಡರು. ಮಾತನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಮನೆಯೊಳಗೆ ಬ್ಯಾರಿ ಬಾಸೆ. ಓಣಿಯ ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದು. ಮಾರುಕಟ್ಟೆಯಲ್ಲಿ ಅರ್ಧ ತೆಲುಗು. ಉಳಿದವರದು ಬಳ್ಳಾರಿ ಕನ್ನಡ. ಉಮ್ಮನಿಗೆ ಬರುತ್ತಿದ್ದದ್ದು ಶಾಲೆಯ ಪುಸ್ತಕದ ಕನ್ನಡ, ತುಳು. ಉರ್ದು ಒಂದಕ್ಷರ ಇಲ್ಲ. ಪಕ್ಕದ ಮನೆಯಾಕೆ ಕಣ್ಣರಳಿಸಿ, “ಉರ್ದು ನೈ ಆತಾ? ಕೈಸೆ ಮುಸಲ್ಮಾನ್ ಜೀ ತುಮ್?” ಎಂದದ್ದನ್ನು ಉಮ್ಮ ಈಗಲೂ ಅದೇ ರಾಗದಲ್ಲಿ ಹೇಳುತ್ತಾರೆ. ಘಟ್ಟ ಹತ್ತಿದ ಬ್ಯಾರಿ ಮನೆಗಳಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳದ ಹೆಂಗಸರು ಕಡಿಮೆ. ಕೊನೆಗೆ ಇಬ್ಬರ ನಡುವೆ ಸೇತುವೆಯಾದದ್ದು ಕನ್ನಡವೇ. ಇಬ್ಬರಿಗೂ ಸ್ವಂತದ್ದಲ್ಲ, ಆದ್ದರಿಂದ ಇಬ್ಬರಿಗೂ ನಾಚಿಕೆ ಇಲ್ಲ.

ಅಡುಗೆಮನೆಯಲ್ಲಿ ಇನ್ನೊಂದು ತಮಾಷೆ. ನಮ್ಮಲ್ಲಿ ಪಿಂಡಿ, ತುಳುವರಲ್ಲಿ ಪುಂಡಿ. ಎರಡೂ ಅಕ್ಕಿಯವು, ಎರಡೂ ಹಬೆಯಲ್ಲಿ ಬೇಯುವವು. ಬಳ್ಳಾರಿಯಲ್ಲಿ ಯಾರೋ “ಇವತ್ತು ಪುಂಡಿ ಪಲ್ಯ ಮಾಡೀನ್ರಿ” ಎಂದಾಗ ಉಮ್ಮನಿಗೆ ಗಾಬರಿ. ಪುಂಡಿಯನ್ನು ಪಲ್ಯ ಮಾಡುವುದು ಹೇಗೆ, ಹೆಚ್ಚಿ ಒಗ್ಗರಣೆ ಹಾಕುತ್ತಾರಾ? ತಟ್ಟೆಯಲ್ಲಿ ಬಂದದ್ದು ಹುಳಿ ಸೊಪ್ಪು, ಆಂಧ್ರದವರು ಗೋಂಗೂರ ಅನ್ನುತ್ತಾರಲ್ಲ ಅದು. ಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಕುದಿಸಿದ್ದು, ಮೇಲೆ ಶೇಂಗಾ ಎಣ್ಣೆ. ಜೋಳದ ರೊಟ್ಟಿ ಜೊತೆ ತಿಂದರೆ ಬೇರೇನೂ ಬೇಡ. ರೊಟ್ಟಿ ಎಂಬ ಮಾತೂ ಹಾಗೇ. ಕರಾವಳಿಯಲ್ಲಿ ರೊಟ್ಟಿ ಎಂದರೆ ಅಕ್ಕಿಯದು, ಇಲ್ಲಿ ಎರಡು ಕೈ ನಡುವೆ ಚಪ್ಪಾಳೆ ತಟ್ಟಿದ ಹಾಗೆ ಬಡಿಯುವ ಜೋಳದ್ದು. ಅದನ್ನು ಕಲಿಯಲು ಉಮ್ಮನಿಗೆ ಎರಡು ವರ್ಷ ಹಿಡಿಯಿತು.

ಗಂಜಿಯ ಕಥೆ ಇದಕ್ಕಿಂತ ದೊಡ್ಡದು. ಕುಚ್ಚಲಕ್ಕಿ ಗಂಜಿ, ಚಟ್ನಿ, ಒಣಮೀನು ಅಂದರೆ ನಮಗೆ ದಿನದ ಊಟ. ಬಳ್ಳಾರಿಯಲ್ಲಿ ಗಂಜಿ ಕುಡಿಯುವುದು ಮೈ ಸರಿಯಿಲ್ಲದವರು. ನಮ್ಮ ಮನೆಯಲ್ಲಿ ಮೂರು ದಿನ ಬಿಡದೆ ಗಂಜಿ ಬೇಯುವುದನ್ನು ಕಂಡು ಎದುರು ಮನೆಯ ಅವ್ವ ನಿಂಬೆಹಣ್ಣು ಹಿಡಿದುಕೊಂಡು ಬಂದೇಬಿಟ್ಟರು. “ಯಾರಿಗೆ ಆರಾಮ ಇಲ್ರೀ?” ಎಲ್ಲರೂ ಆರಾಮ ಇದ್ದೇವೆ ಎಂದರೆ ನಂಬಿಕೆಯೇ ಇಲ್ಲ. ರಮಝಾನಿನಲ್ಲಿ ತೆಂಗಿನಹಾಲು, ಮೆಂತೆ ಹಾಕಿದ ನೋಂಬುಗಂಜಿ ಆ ಮನೆಗೆ ಹೋದ ಮೇಲೆ ಅವರಿಗೂ ತಿಳಿಯಿತು, ಗಂಜಿಯಲ್ಲಿ ಬಹಳ ಜಾತಿ ಇದೆ ಅಂತ. ಅವರ ಮನೆಯಿಂದ ವಗ್ಗರಣಿ, ಮಿರ್ಚಿ ಬಂತು. ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಶಿನ, ಮೇಲೆ ಹುರಿಗಡಲೆ ಪುಡಿ. ಕೆಲವರು ಉಗ್ಗಾಣಿ ಅನ್ನುತ್ತಾರೆ. ಅಲ್ಲಿಂದ ಇಲ್ಲಿವರೆಗೆ ನಮ್ಮ ಇಫ್ತಾರಿನ ತಟ್ಟೆಯಲ್ಲಿ ಮಿರ್ಚಿಗೆ ಖಾಯಂ ಜಾಗ.

ಇನ್ನು ಬೀಚಿ. ಅವರು ನಮ್ಮ ಮನೆಗೆ ಬಂದದ್ದು ರದ್ದಿಯಲ್ಲಿ. ಬಾಪ ಸಾಮಾನು ಕಟ್ಟಲು ಹಳೇ ಪೇಪರು, ವಾರಪತ್ರಿಕೆ ತೂಕಕ್ಕೆ ಕೊಳ್ಳುತ್ತಿದ್ದರು. ಅದರಲ್ಲಿ ‘ಸುಧಾ’ ಇರುತ್ತಿತ್ತು. ಸುಧಾದಲ್ಲಿ ಬೀಚಿಯ ‘ನೀವು ಕೇಳಿದಿರಿ?’ ಇರುತ್ತಿತ್ತು. ಓದುಗರು ಕೇಳುವುದು, ಬೀಚಿ ಒಂದು ಸಾಲಲ್ಲಿ ಕುಟ್ಟುವುದು. ಆ ಉತ್ತರಗಳೇ ಆಮೇಲೆ ‘ಉತ್ತರಭೂಪ’ ಎಂಬ ಪುಸ್ತಕವಾದವು. ಸಕ್ಕರೆ ಕಟ್ಟಬೇಕಾದ ಹಾಳೆಯನ್ನು ಉಮ್ಮ ಬದಿಗಿಡುತ್ತಿದ್ದರು. ಬಾಪ ಬೈಯುತ್ತಿದ್ದರು, ಆಮೇಲೆ ಅವರೂ ಓದುತ್ತಿದ್ದರು. ಶಾಲೆ ಪುಸ್ತಕದಲ್ಲಿ ಕಾಣದ ಮಾತು ಅಲ್ಲಿತ್ತು: ಎದುರು ಮನೆಯ ಅವ್ವನ ಮಾತು, ಬಸ್ಟ್ಯಾಂಡಿನ ಮಾತು. ಪುಸ್ತಕದ ಕನ್ನಡಕ್ಕೂ ಓಣಿಯ ಕನ್ನಡಕ್ಕೂ ನಡುವೆ ಇದ್ದ ಬಾಗಿಲನ್ನು ಉಮ್ಮನಿಗೆ ತೆಗೆದುಕೊಟ್ಟದ್ದು ತಿಂಮ ಅಂತ ನನ್ನ ಅನಿಸಿಕೆ. ನಗೆ ಅರ್ಥವಾಗಬೇಕಾದರೆ ಪದದ ಅರ್ಥ ಮಾತ್ರ ಸಾಲದು, ಅದನ್ನು ಆಡುವ ಬಾಯಿಯ ಪರಿಚಯ ಬೇಕು.

ಬೀಚಿ ಗೆರೆ ಎಳೆದವರಲ್ಲ. ಆದರೂ ಅವರನ್ನು ನಾನು ವ್ಯಂಗ್ಯಚಿತ್ರಕಾರರ ಸಾಲಿನಲ್ಲೇ ಕೂರಿಸುತ್ತೇನೆ. ಮೈಸೂರಲ್ಲಿ ಹುಟ್ಟಿ, ‘ಕೊರವಂಜಿ’ಗೆ ಚಿತ್ರ ಬರೆದು, ಮುಂದೆ ಮುಂಬೈಯಲ್ಲಿ ದೊಡ್ಡ ಹೆಸರಾದ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ನೆನೆಯಿರಿ. ಚೌಕಳಿ ಕೋಟು, ಪಂಚೆ, ಕನ್ನಡಕ. ಕಣ್ಣಿಗೆ ಕಟ್ಟುತ್ತಾನೆ. ತಿಂಮನೂ ಅಷ್ಟೇ ಕಣ್ಣಿಗೆ ಕಟ್ಟುತ್ತಾನೆ, ಬರೀ ಮಾತಿನಿಂದ. ವ್ಯತ್ಯಾಸ ಒಂದೇ. ಲಕ್ಷ್ಮಣರ ಮನುಷ್ಯ ಬಾಯಿ ಬಿಡುವುದಿಲ್ಲ, ಬೀಚಿಯವನು ಬಾಯಿ ಮುಚ್ಚುವುದಿಲ್ಲ. ಮೈಸೂರಿಗೂ ಬಳ್ಳಾರಿಗೂ ಇರುವ ಅಂತರವೇ ಅದು ಅಂತ ಬಳ್ಳಾರಿಯವರು ಹೇಳಿಯಾರು.

ನಮ್ಮಂಥ ಮನೆಗಳಿಗೆ ಬೀಚಿ ಹತ್ತಿರವಾಗಲು ಇನ್ನೊಂದು ಕಾರಣ ಇದೆ, ನನಗೆ ಅದೇ ಮುಖ್ಯ. ಅವರು ಬೆಳೆದದ್ದು ಮಾಧ್ವ ಬ್ರಾಹ್ಮಣ ಮನೆಯಲ್ಲಿ. ಮಡಿ, ಮೈಲಿಗೆ, ವ್ರತ, ಶಾಸ್ತ್ರ. ಮೊದಲು ನಕ್ಕದ್ದು ಆ ಮನೆಯನ್ನೇ ನೋಡಿ. ಹೆಂಡತಿಗೆ ಹೆದರುವ ಗಂಡ, ಕಾಸಿಲ್ಲದ ಕಾರಕೂನ, ತನ್ನ ಬಡತನ, ತನ್ನ ಪುಕ್ಕಲುತನ ಎಲ್ಲ ಆ ನಗೆಗೆ ಸಾಮಾನು. ಒಳಗಿನವರು ಒಳಗಿನದನ್ನು ನೋಡಿ ನಗುವಾಗ ಹೊರಗಿನವರಿಗೂ ಬಂದು ಕೂರಲು ಜಾಗ ಇರುತ್ತದೆ. ಮಡಿ ಬಟ್ಟೆಯ ಮೇಲಿನ ನಗೆಗೆ ಉಮ್ಮ ನಗುತ್ತಿದ್ದದ್ದು ಅದು ಬೇರೆಯವರ ಮನೆಯದು ಅಂತ ಅಲ್ಲ. ನಮ್ಮ ದೊಡ್ಡುಮ್ಮನೂ ಮಣ್ಣಿನ ಓಡನ್ನು ಬೇರೆಯವರು ಮುಟ್ಟಬಾರದು, ಮುಟ್ಟಿದರೆ ಅಪ್ಪ ಏಳುವುದಿಲ್ಲ ಎನ್ನುತ್ತಿದ್ದರಲ್ಲ, ಅದು ನೆನಪಾಗಿ.

ಇದರ ಉಲ್ಟಾ ನಮಗೆ ಚೆನ್ನಾಗಿ ಗೊತ್ತು. ಕರಾವಳಿಯ ನಾಟಕ, ಹಾಸ್ಯ ಪ್ರಸಂಗಗಳಲ್ಲಿ ಒಬ್ಬ ‘ಬ್ಯಾರಿ’ ಬರುತ್ತಾನೆ. ಮಾತು ತೊದಲುತ್ತದೆ, ಕನ್ನಡ ಒಡೆಯುತ್ತದೆ, ಜನ ನಗುತ್ತಾರೆ. ಎಲ್ಲ ಬಾರಿ ಅದು ಕೆಟ್ಟ ಮನಸ್ಸಿನದು ಅಂತ ನಾನು ಹೇಳುವುದಿಲ್ಲ. ಕೆಲವು ಕಲಾವಿದರು ಆ ಪಾತ್ರವನ್ನು ಪ್ರೀತಿಯಿಂದಲೇ ಆಡುತ್ತಾರೆ. ಆದರೆ ಆ ಬ್ಯಾರಿಗೆ ಮನೆ ಇರುವುದಿಲ್ಲ. ಉಮ್ಮ ಇರುವುದಿಲ್ಲ, ಅಡುಗೆ ಇರುವುದಿಲ್ಲ, ತಾನೇ ತಮಾಷೆ ಮಾಡುವ ಬುದ್ಧಿ ಇರುವುದಿಲ್ಲ. ಬರುತ್ತಾನೆ, ತಪ್ಪು ಮಾತಾಡುತ್ತಾನೆ, ಹೋಗುತ್ತಾನೆ. ತಿಂಮನನ್ನು ನೋಡಿ ಜನ ನಗುವುದಕ್ಕಿಂತ ತಿಂಮ ಜನರನ್ನು ನೋಡಿ ನಗುವುದೇ ಹೆಚ್ಚು. ನಮ್ಮ ಕಡೆಯಿಂದ ಅಂಥ ಒಬ್ಬ ಇನ್ನೂ ಪುಸ್ತಕಕ್ಕೆ ಬಂದಿಲ್ಲ ಅನ್ನುವುದು ನನಗೆ ಕೊರತೆಯೇ.

ಮನೆಯಲ್ಲಿ ಇಲ್ಲ ಅಂತ ಅಲ್ಲ. ತುಂಗಭದ್ರೆಯ ಮೀನು ಮೊದಲ ಸಲ ತಿಂದ ಉಮ್ಮ, ಬಾಯಿಂದ ಮುಳ್ಳು ಹೆಕ್ಕುತ್ತ, “ಇದು ಮೀನಲ್ಲ, ನೀರಲ್ಲಿ ಈಜುವ ಬಳ್ಳಾರಿ ಜಾಲಿ” ಎಂದದ್ದು ಓಣಿಯಲ್ಲಿ ಎಷ್ಟೋ ವರ್ಷ ಓಡಾಡಿತು. ಮೇ ತಿಂಗಳಲ್ಲಿ ಕರೆಂಟು ಬಂದು ಎರಡು ನಿಮಿಷಕ್ಕೆ ಹೋದರೆ, “ಪಾಪ, ಬಂದು ನೋಡಿತು, ಸೆಕೆ ಅಂತ ವಾಪಸ್ ಹೋಯಿತು” ಎನ್ನುವರು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವುದು ದೊಡ್ಡ ಕಸುಬು. ಹರಿದ ಜೀನ್ಸ್ ಫ್ಯಾಷನ್ ಬಂದಾಗ ಅವರು ಹೇಳಿದ್ದು: ಇಲ್ಲಿನವರು ಬೆನ್ನು ಬಗ್ಗಿಸಿ ಹೊಲಿಯುವುದು, ಪೇಟೆಯವರು ದುಡ್ಡು ಕೊಟ್ಟು ಹರಿಸಿಕೊಳ್ಳುವುದು.

ಸಿರುಗುಪ್ಪದ ಎಲೆಮ್ಮನ ಮನೆಯಲ್ಲಿ ಬೀಚಿ ಬಂದದ್ದು ಕಿವಿಯಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಆದ ಮೇಲೆ ಕಾಲುವೆ ನೀರು ಕಂಡ ಸೀಮೆ ಅದು. ಎಲ್ಲಿ ನೋಡಿದರೂ ಗದ್ದೆ, ಅಕ್ಕಿ ಗಿರಣಿ. ಹೊಸ ಸೋನಾಮಸೂರಿ ಹಿಟ್ಟಿನ ಪತ್ತಿರ್ ಹತ್ತಿಯ ಹಾಗೆ ಬರುತ್ತದೆ ಅಂತ ಎಲೆಮ್ಮನ ಸರ್ಟಿಫಿಕೇಟು. ಗಂಜಿಗೆ ಮಾತ್ರ ಅದು ಆಗದು, ಕುಚ್ಚಲಕ್ಕಿ ಈಗಲೂ ಊರಿಂದಲೇ ಬರಬೇಕು. ನದಿಯಾಚೆ ಗಂಗಾವತಿ. ಅಲ್ಲಿನ ಪ್ರಾಣೇಶ್ ‘ಅಭಿನವ ಬೀಚಿ’ ಎಂದೇ ಹೆಸರಾದವರು. ಬೀಚಿಯನ್ನು ವೇದಿಕೆಗೆ ತಂದು, ಟಿ.ವಿ.ಗೆ ತಂದು, ಈಗ ಎಲ್ಲರ ಮೊಬೈಲಿಗೆ ತಂದಿದ್ದಾರೆ. ಎಲೆಮ್ಮ ಕನ್ನಡ ಓದುವವರಲ್ಲ. ಪ್ರಾಣೇಶರ ಮಾತು ಹಾಕಿಕೊಂಡು ಪತ್ತಿರ್ ಲಟ್ಟಿಸುವುದು ಅವರ ಅಭ್ಯಾಸ. ನಗೆ ಬಂದಾಗ ಲಟ್ಟಣಿಗೆ ನಿಲ್ಲುತ್ತದೆ, ಪತ್ತಿರ್ ಒಂದು ಕಡೆ ದಪ್ಪ.

ಕುರುಗೋಡಿನ ಮನೆ ಬೇರೆ ತರಹ. ಅಲ್ಲಿನ ರೈತರು ಒಣಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋಗುವವರು. ಭಾವನ ಅಂಗಡಿಯಲ್ಲಿ ಕೂತು ದರದ ಮಾತು, ಸಾಲದ ಮಾತು ಆಡುತ್ತಾರೆ. ದರ ಬಿದ್ದ ವರ್ಷ ನಗೆ ಹೆಚ್ಚು ಅಂತ ಭಾವ ಹೇಳುತ್ತಾರೆ. ಬೆಲೆ ಬಂದ ವರ್ಷ ಯಾರಿಗೂ ಕೂತು ಮಾತಾಡಲು ಪುರುಸೊತ್ತಿಲ್ಲವಂತೆ. ಆ ಅಂಗಡಿಯಲ್ಲಿ ‘ತಿಂಮನ ತಲೆ’ಯ ಒಂದು ಪ್ರತಿ ಇದೆ, ರಟ್ಟು ಹೋಗಿದೆ, ಖಾರದ ಪುಡಿ ತಾಗಿ ಕೆಂಪಾಗಿದೆ. ಎರವಲು ಹೋದದ್ದು ಪ್ರತಿ ಸಲ ತಿರುಗಿ ಬರುತ್ತದೆ. ಇದು ಸಣ್ಣ ಮಾತಲ್ಲ.

ಈಗಿನ ಮಕ್ಕಳ ವಿಷಯ ಹೇಳಲೇಬೇಕು. ಇಂಗ್ಲಿಷ್ ಶಾಲೆ. ಓಣಿಯಲ್ಲಿ ಉರ್ದು ಕಲಿತಿವೆ, ಒಳ್ಳೆಯದೇ. ಕನ್ನಡ ಪರೀಕ್ಷೆಗೆ ಮಾತ್ರ. ಬ್ಯಾರಿ ಬಾಸೆ ಅರ್ಥವಾಗುತ್ತದೆ, ಉತ್ತರ ಬೇರೆ ಭಾಷೆಯಲ್ಲಿ ಬರುತ್ತದೆ. ತಿಂಮನ ಜೋಕು ಹೇಳಿದರೆ ಅರ್ಥ ಬಿಡಿಸಿ ಹೇಳಬೇಕು. ಬಿಡಿಸಿ ಹೇಳಿದ ಜೋಕು ಆರಿದ ಮಿರ್ಚಿ. ಉಮ್ಮನ ಮಾತಿಗೂ ಅದೇ ಗತಿ ಬರಲು ಹೆಚ್ಚು ದಿನ ಬೇಡ. ಮಂಗಳೂರಲ್ಲಿ 2007ರಿಂದ ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ. ಗಾದೆ, ಹಾಡು ಸಂಗ್ರಹಿಸಿದವರಿದ್ದಾರೆ. ಆದರೆ ಗಾದೆ ಎಲ್ಲರದು, ಹೇಗಾದರೂ ಉಳಿದೀತು. ಒಂದು ಮನೆಯ ಒಂದು ಹೆಂಗಸು ಒಂದು ಮಧ್ಯಾಹ್ನ ಮೀನು ತಿನ್ನುತ್ತ ಆಡಿದ ಮಾತನ್ನು ಯಾವ ಅಕಾಡೆಮಿಯೂ ಬಂದು ಬರೆದುಕೊಳ್ಳುವುದಿಲ್ಲ. ಬೀಚಿ ಮಾಡಿದ್ದು ಅಂಥ ಕೆಲಸವನ್ನೇ. ತನ್ನ ಸೀಮೆಯ ಬಾಯಿಮಾತಿಗೆ ಬೆಲೆ ಇದೆ ಅಂತ ನಂಬಿ ಅಚ್ಚಿಗೆ ಹಾಕಿದರು. 1980ರ ಡಿಸೆಂಬರ್ 7ರಂದು ಅವರು ತೀರಿಹೋದರು, ತಿಂಮ ಇನ್ನೂ ಎರವಲು ಹೋಗಿ ಬರುತ್ತಿದ್ದಾನೆ.

ಕುರುಗೋಡಿನ ಅಕ್ಕನ ಮಗಳು ಕಳೆದ ರಮಝಾನಿನಿಂದ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದ್ದಾಳೆ. ಒಂದು ಪುಟಕ್ಕೆ ಒಂದೇ ಮಾತು. ಆಡಿದವರು ಯಾರು, ಆಗ ಒಲೆಯ ಮೇಲೆ ಏನಿತ್ತು, ಎರಡನ್ನೂ ಬರೆಯಬೇಕು ಅಂತ ಅವಳದೇ ಕಾನೂನು. ಬ್ಯಾರಿ ಮಾತನ್ನು ಕನ್ನಡ ಅಕ್ಷರದಲ್ಲಿ ಹೇಗೆ ಬರೆಯಲಿ ಅಂತ ಫೋನ್ ಮಾಡಿ ಉಮ್ಮನಿಗೇ ಉಚ್ಚಾರ ಹೇಳಿಸುತ್ತಾಳೆ. ಮೊನ್ನೆಗೆ ಹದಿನೇಳು ಪುಟ ಆಗಿತ್ತು. ಹದಿನೇಳನೆಯದು ನಮ್ಮವರದಲ್ಲ, ಬಳ್ಳಾರಿಯ ಎದುರು ಮನೆಯ ಅವ್ವನದು. ಒಲೆಯ ಮೇಲೆ ನೋಂಬುಗಂಜಿ. ಮಾತು ಹೀಗಿದೆ: “ಆರಾಮ ಇಲ್ದೋರ ಗಂಜಿ ಆತೇನ್ರಿ? ನಮ್ ಮನ್ಯಾಗ ಎಲ್ರೂ ಆರಾಮ ಅದಾರ, ಒಂದ್ ದೊಡ್ಡ ಪಾತ್ರೀನ ಕೊಡ್ರಿ.”