ಪಾವಗಡದ ಬಿಸಿಲಿನಲ್ಲಿ ಯಾರ ಪಾಲೆಷ್ಟು?

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕಿಗೆ ರೈತರು ಜಮೀನು ಮಾರಿಬಿಟ್ಟರೇ? ಊರಿನವರಿಗೆ ಅದರಿಂದ ಏನು ಸಿಕ್ಕಿತು?

ಉತ್ತರ: ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸೇರಿದಂತೆ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಹೀಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಕಟ್ಟಿದ್ದಾರೆ. ಪಟ್ಟಾ ಜಮೀನಿನ ಒಡೆತನ ರೈತರದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ.

ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬೆಳೆ ಕೈಕೊಟ್ಟರೆ ಬೆಂಗಳೂರಿಗೆ ಗುಳೆ ಹೊರಡುತ್ತಿದ್ದ ಸೀಮೆ ಅದು. ಅಂಥಲ್ಲಿ ಹತ್ತು ಎಕರೆ ಇದ್ದವರಿಗೆ ವರ್ಷಕ್ಕೆ ಎರಡು ಲಕ್ಷ ದಾಟುವ ಖಾತ್ರಿ ಆದಾಯ ಸಣ್ಣ ಮಾತಲ್ಲ. ಆದರೆ ಎರಡು ಎಕರೆಯವರ ಲೆಕ್ಕ ಹಾಕಿ: ಆರಂಭದ ದರದಲ್ಲಿ ತಿಂಗಳಿಗೆ 3,500 ರೂಪಾಯಿ. ಸಂಸಾರ ತೂಗಿಸಲು ಅದು ಸಾಲದು.

ಜಮೀನೇ ಇಲ್ಲದವರಿಗೆ ಗುತ್ತಿಗೆಯಲ್ಲಿ ಬಿಡಿಗಾಸೂ ಇಲ್ಲ. ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ತಪ್ಪಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯಲು, ಹುಲ್ಲು ಕತ್ತರಿಸಲು, ಕಾವಲು ಕಾಯಲು ಕೆಲವರಿಗಷ್ಟೇ ಕೆಲಸ.

ಕಲ್ಲಿದ್ದಲು ಸುಡದೆ ಕರೆಂಟ್ ಬರುವುದು ಒಳ್ಳೆಯದೇ. ಆದರೆ ಮುಂದಿನ ಪಾರ್ಕುಗಳ ಕರಾರಿನಲ್ಲಿ ಜಮೀನಿನ ಮಾಲೀಕರ ಜೊತೆಗೆ ಕೂಲಿಯವರಿಗೂ ಕುರಿಗಾಹಿಗಳಿಗೂ ಪಾಲು ಬರೆಯಬೇಕು.