ಅಣ್ಣ ಸಂಗಮೇಶನಾದರೆ ತಂಗಿಗೆ ಯಾವ ಹೆಸರು?

ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಶಾಲೆ ಕಾಲೇಜುಗಳು ಒಂದರ ಮಗ್ಗುಲಿಗೊಂದು ಬೆಳೆದು ನಿಂತಿರುವ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಹಾಜರಿ ಕೂಗುವ ಹೊತ್ತಿಗೆ ಯಾವ ತರಗತಿಯ ಬಾಗಿಲಲ್ಲಿ ನಿಂತರೂ ಸೀಮೆಯ ದೇವಸ್ಥಾನಗಳೂ ಮಠಗಳೂ ಒಂದೊಂದಾಗಿ ಕಿವಿಗೆ ಬೀಳುತ್ತವೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮದಿಂದ ಬಂದವರು ಸಂಗಮೇಶ, ಸಂಗಪ್ಪ, ಸಂಗನಬಸಪ್ಪರು. ಇಳಕಲ್ಲಿನ ಮಠದ ಭಕ್ತರ ಮನೆಯವರು ಮಹಾಂತೇಶರು. ತುಳಸಿಗೇರಿಯ ಹನುಮಂತನ ಹರಕೆಯಿಂದ ತುಳಸಿಗೆರೆಪ್ಪ, ಬಾದಾಮಿಯ ಬನದ ತಾಯಿಯ ಹೆಸರಿನ ಬನಶಂಕರಿ. ಆದರೆ ಇಂದು ಅದೇ ಪಟ್ಟಿಯ ಕೆಳತರಗತಿಗಳಲ್ಲಿ ಆರವ್, ಆರುಷ್, ಆದ್ಯಾ ಎಂಬ ಹೆಸರುಗಳು ಹೆಚ್ಚುತ್ತಿವೆ. ಅಣ್ಣನ ಹೆಸರಿನ ಮೊದಲಕ್ಷರವೇ ತಂಗಿಯ ಹೆಸರಿಗೂ ಇರಬೇಕೆಂಬ ಆಸೆಯಿಂದ ತಂದೆತಾಯಿಗಳು ಮೊಬೈಲಿನಲ್ಲಿ ಹೆಸರು ಹುಡುಕುತ್ತಿದ್ದಾರೆ.

ಹೆಸರಿಡುವ ಹಳೆಯ ಕ್ರಮದಲ್ಲಿ ಇಷ್ಟೊಂದು ಹುಡುಕಾಟಕ್ಕೆ ಅವಕಾಶವಿರಲಿಲ್ಲ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು ನಿಶ್ಚಿತವಾಗಿರುತ್ತಿತ್ತು. ಬಳಿಕ ಹುಟ್ಟಿದವರಿಗೆ ತಾಯಿಯ ಕಡೆಯ ಹಿರಿಯರ ಹೆಸರೋ ಮನೆದೇವರ ಹೆಸರೋ ಒದಗುತ್ತಿತ್ತು. ತೊಟ್ಟಿಲ ಕಾರ್ಯದ ದಿನ ಸೋದರತ್ತೆಯು ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಆ ಹೆಸರನ್ನುಸುರಿದರೆ ಮುಗಿಯಿತು. ಇದರೊಳಗೊಂದು ಸೊಗಸಾದ ತೊಡಕೂ ಇತ್ತು: ಮಾವನ ಹೆಸರನ್ನು ನಾಲಗೆಯ ಮೇಲೆ ತರಬಾರದೆಂಬ ಕಟ್ಟಳೆಗೆ ಒಳಗಾದ ಸೊಸೆಯು ತನ್ನ ಮಗನನ್ನೇ ಹೆಸರು ಹಿಡಿದು ಕರೆಯಲಾರದೆ ಅಪ್ಪಣ್ಣನೆಂದೋ ಅಜ್ಜಪ್ಪನೆಂದೋ ಕರೆಯುತ್ತಿದ್ದಳು. ಹಾಗಾಗಿ ದಾಖಲೆಯಲ್ಲಿ ಸಂಗಪ್ಪನಾಗಿದ್ದವನು ಓಣಿಯ ಪಾಲಿಗೆ ಬದುಕಿಡೀ ಅಪ್ಪಣ್ಣನೇ.

ಇದು ನಮ್ಮದಷ್ಟೇ ಪದ್ಧತಿಯೆಂದು ಭಾವಿಸಬೇಕಾಗಿಲ್ಲ. ಸ್ಕಾಟ್ಲೆಂಡಿನ ಹಳೆಯ ಕುಟುಂಬಗಳಲ್ಲಿಯೂ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬ ರೂಢಿ ಬಹುಕಾಲ ನಡೆದುಬಂದಿತು. ಮೂರನೆಯವನಿಗೆ ಸ್ವತಃ ತಂದೆಯ ಹೆಸರನ್ನೇ ಇಡುತ್ತಿದ್ದುದು ಮಾತ್ರ ನಮಗೆ ಹೊರಗು. ಅಲ್ಲಿಯ ಅತಿ ಪ್ರಾಚೀನ ಗಂಡುಹೆಸರುಗಳಲ್ಲೊಂದಾದ ಮಾಲ್ಕಂ ಎಂಬುದಕ್ಕೆ ಸಂತ ಕೊಲಂಬನ ಭಕ್ತನೆಂದು ಅರ್ಥ. ಒಂದನೆಯ ಪುಲಕೇಶಿಯು ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ 543ಕ್ಕೆ ಇಪ್ಪತ್ತು ವರ್ಷಗಳ ತರುವಾಯ, 563ರಲ್ಲಿ, ಐಯೋನಾ ಎಂಬ ದ್ವೀಪಕ್ಕೆ ಬಂದು ಮಠವನ್ನು ಸ್ಥಾಪಿಸಿದ ಆ ಸಂತನ ಹೆಸರನ್ನು ಹೊತ್ತ ನಾಲ್ವರು ಅರಸರು ಸ್ಕಾಟ್ಲೆಂಡನ್ನು ಆಳಿದರು. ಇವರಲ್ಲಿ 1058ರಿಂದ 1093ರವರೆಗೆ ಆಳಿದ ಮೂರನೆಯ ಮಾಲ್ಕಂ ಹಾಗೂ ರಾಣಿ ಮಾರ್ಗರೆಟ್ಟಳ ಮಕ್ಕಳಲ್ಲಿ ನಾಲ್ವರು ಎಡ್ವರ್ಡ್, ಎಡ್ಮಂಡ್, ಎಥೆಲ್ರೆಡ್, ಎಡ್ಗರ್. ಪ್ರಾಸಕ್ಕಾಗಿಯೇ ಹೊಂದಿಸಿದಂತೆ ಕೇಳಿಸುವ ಈ ಹೆಸರುಗಳು ವಾಸ್ತವದಲ್ಲಿ ರಾಣಿಯ ತಂದೆ, ಅಜ್ಜ, ಮುತ್ತಜ್ಜ, ಅವನ ತಂದೆ ಇವರ ಹೆಸರುಗಳು. ತವರಿನ ವಂಶಾವಳಿಯನ್ನೇ ಅವಳು ತೊಟ್ಟಿಲಲ್ಲಿಟ್ಟು ತೂಗಿದಳು. ಪ್ರಾಸವು ತಾನಾಗಿ ಹಿಂಬಾಲಿಸಿತು.

ನಮ್ಮ ಚಾಲುಕ್ಯರ ಮನೆಯಲ್ಲಿಯೂ ಇಂಥದೇ ಹೊಂದಾಣಿಕೆಯುಂಟು. ಇಮ್ಮಡಿ ಪುಲಕೇಶಿಯ ಮಕ್ಕಳಲ್ಲಿ ಚಂದ್ರಾದಿತ್ಯ, ಆದಿತ್ಯವರ್ಮ, ವಿಕ್ರಮಾದಿತ್ಯ ಎಂಬ ಮೂವರೂ ಸೂರ್ಯನ ಹೆಸರನ್ನು ಹಂಚಿಕೊಂಡವರು. ಇಮ್ಮಡಿ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರು ಒಡಹುಟ್ಟಿದವರು. ಅಕ್ಕನು ಲೋಕೇಶ್ವರನನ್ನೂ ತಂಗಿಯು ತ್ರೈಲೋಕ್ಯೇಶ್ವರನನ್ನೂ ತಂತಮ್ಮ ಹೆಸರಿನಿಂದ ಪ್ರತಿಷ್ಠಿಸಲು, ಇಂದು ವಿರೂಪಾಕ್ಷ, ಮಲ್ಲಿಕಾರ್ಜುನವೆಂದು ನಾವು ಕರೆಯುವ ಆ ಗುಡಿಗಳು ಪಟ್ಟದಕಲ್ಲಿನಲ್ಲಿ ಇಂದಿಗೂ ಅಕ್ಕತಂಗಿಯರಂತೆಯೇ ಅಕ್ಕಪಕ್ಕದಲ್ಲಿವೆ.

ಸಂಗಪ್ಪ, ತುಳಸಿಗೆರೆಪ್ಪ ಎಂಬ ಹೆಸರುಗಳು ಹಳತಾದವೆಂದೂ ಬೆಂಗಳೂರು ಪುಣೆಗಳಲ್ಲಿ ಓದಹೋಗುವ ಮಕ್ಕಳಿಗೆ ಅವು ಮುಜುಗರ ತರುತ್ತವೆಂದೂ ಎಳೆಯ ತಂದೆತಾಯಿಗಳು ಹೇಳುವುದುಂಟು. ಮಕ್ಕಳ ಮೇಲಣ ಪ್ರೀತಿಯಿಂದಲೇ ಹುಟ್ಟಿದ ಈ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಸಂಗಪ್ಪನು ಒಂದು ತಲೆಮಾರಿನ ಹಿಂದೆಯೇ ಸಂಗಮೇಶನಾಗಿ ರೂಪವನ್ನು ಬದಲಿಸಿಕೊಂಡಾಗ ಅಜ್ಜನೂ ಉಳಿದನು, ಹೊಳೆಯೂ ಉಳಿಯಿತು. ಅಕ್ಷರಸಾಮ್ಯವನ್ನು ಮಾತ್ರ ನೋಡಿ ಆಯ್ದ ಹೆಸರಿನಲ್ಲಿ ಒಡಹುಟ್ಟಿದವರನ್ನು ಬೆಸೆಯತಕ್ಕದ್ದು ಬಾಯಿಯ ಸದ್ದೊಂದೇ; ಆ ಸದ್ದು ಯಾವ ಊರಿನದೂ ಆಗಿರಬಹುದು. ಆದಕಾರಣ ಮಗನಿಗೆ ಸಂಗಮೇಶನೆಂದಿಟ್ಟು ಮಗಳಿಗಾಗಿ ಸಕಾರದ ಹೆಸರನ್ನು ಅರಸುತ್ತಿರುವ ಮನೆಯವರಿಗೆ ನಾನು ಹೇಳುವುದು ಇಷ್ಟೇ: ಅವಳಿಗೆ ಮಲಪ್ರಭಾ ಎಂದಿಡಿರಿ. ಅಣ್ಣನ ಹೆಸರಿನೊಂದಿಗೆ ಮೊದಲಕ್ಷರವು ಕೂಡದಿದ್ದರೂ, ಆ ನದಿಯು ಹರಿದು ಬಂದು ಕೃಷ್ಣೆಯನ್ನು ಸೇರುವುದು ಅವನ ಹೆಸರಿನ ಗುಡಿಯ ಎದುರಿನಲ್ಲಿಯೇ.